ಅಭಿನೇತ್ರಿ ಕಲ್ಪನಾ

ತ್ರಿವೇಣಿಯವರ ‘ಶರಪಂಜರ’ವನ್ನು ತರಗತಿಯಲ್ಲಿ ಚರ್ಚಿಸುವಾಗಲೆಲ್ಲ ಒಂದು ಸಂಗತಿ ನನ್ನ ಗಮನಕ್ಕೆ ಬಂದಿದೆ. ಕಾದಂಬರಿಯನ್ನು ಇನ್ನೂ ಓದದ ವಿದ್ಯಾರ್ಥಿಗಳ ಮನಸ್ಸಿನಲ್ಲಿಯೂ ಕಾವೇರಿಗೊಂದು ಮುಖವಿರುತ್ತದೆ. ಅದು ಕಲ್ಪನಾ ಅವರ ಮುಖ. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದವರು ಇವರು. ಕಾಲ ಸರಿದಂತೆ ತಾರೆಯರ ಹೆಸರು ಮಾಸುವುದು ಲೋಕರೂಢಿ. ಈ ಹೆಸರೇಕೆ ಮಾಸಲಿಲ್ಲ?

ಕಲ್ಪನಾ ಹುಟ್ಟಿದ್ದು 1943ರಲ್ಲಿ. ಮೂಲ ದಕ್ಷಿಣ ಕನ್ನಡ, ಮನೆಮಾತು ತುಳು. ಬಿ. ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದ ಮೂಲಕ 1963ರಲ್ಲಿ ಬೆಳ್ಳಿತೆರೆಗೆ ಬಂದರು. ತ್ರಿವೇಣಿಯವರು 34ರ ಹರೆಯದಲ್ಲಿ ನಮ್ಮನ್ನಗಲಿದ್ದೂ ಅದೇ ವರ್ಷ. ಕಾದಂಬರಿಗಾರ್ತಿ ಕಾಣದೆ ಹೋದ ತೆರೆಯ ಮೇಲೆ ಆಕೆಯ ನಾಯಕಿಯರಿಗೆ ಜೀವ ತುಂಬುವ ಭಾಗ್ಯ ಈ ಹೊಸ ನಟಿಯದಾಯಿತು.

1967ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ‘ಬೆಳ್ಳಿಮೋಡ’ವನ್ನು ತೆರೆಗೆ ತಂದರು. ಆಸ್ತಿಗೆ ಬೇರೆ ವಾರಸುದಾರ ಹುಟ್ಟಿದೊಡನೆ ಮನಸ್ಸು ಬದಲಿಸಿದ ವರನನ್ನು ಅದರ ನಾಯಕಿ ಇಂದಿರಾ ಉಪಚರಿಸುತ್ತಾಳೆ. ಆತ ಮರಳಿ ಕೈ ಬೇಡಿದಾಗ ಮಾತ್ರ ನಿರಾಕರಿಸುತ್ತಾಳೆ. ಆ ನಿರಾಕರಣೆಯಲ್ಲಿ ಕಲ್ಪನಾ ತೋರಿದ ಘನತೆ ಕನ್ನಡ ಚಿತ್ರಕ್ಕೆ ಹೊಸದು. ಮರುವರ್ಷ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ವಿಧವೆಯಾದರು. 1969ರಲ್ಲಿ, ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ಯಲ್ಲಿ, ಗೃಹಿಣಿಯಾಗಲು ಹಂಬಲಿಸಿದ ಚಂದ್ರಾ ಆದರು. 1971ರಲ್ಲಿ ‘ಶರಪಂಜರ’ ಬಂದಿತು. ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ ಈ ಮೂರಕ್ಕೂ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಆಕೆಗೆ ಸಂದಿತು. ಮೂರೂ ತ್ರಿವೇಣಿಯವರ ಕಾದಂಬರಿಗಳೆಂಬುದು ಗಮನಾರ್ಹ.

ಶರಪಂಜರದ ಕಾವೇರಿಯದು ಹೆರಿಗೆಯ ಬಳಿಕ ಕಾಣಿಸಿಕೊಂಡ ಮನೋವ್ಯಾಧಿ. ಆಸ್ಪತ್ರೆ ಅವಳನ್ನು ಗುಣಪಡಿಸಿತು. ಮನೆ ಮತ್ತೆ ಕೆಡಿಸಿತು. ಆ ಕಾಲದ ಹೆಂಗಳೆಯರು ಕಲ್ಪನಾ ಉಟ್ಟ ಸೀರೆಯನ್ನೂ ತೊಟ್ಟ ಬಳೆಯನ್ನೂ ಅನುಕರಿಸಿದರು. ಆದರೆ ಅನುಕರಣೆಯ ಮೋಹದ ಹಿಂದೆ ಮತ್ತೊಂದು ಬಂಧವೂ ಇತ್ತೆಂದು ನನ್ನ ಭಾವನೆ. ಮನೆಯೊಳಗೆ ಬಾಯಿಬಿಟ್ಟು ಹೇಳಲಾಗದ ನೋವನ್ನು ತಮ್ಮ ಪರವಾಗಿ ಒಬ್ಬಳು ಹೇಳಿದಳೆಂಬ ಸಮಾಧಾನ ಅದು.

ಶರಪಂಜರದ ಬಳಿಕ ಪುಟ್ಟಣ್ಣನವರ ಚಿತ್ರಗಳಲ್ಲಿ ಕಲ್ಪನಾ ಕಾಣಿಸಿಕೊಳ್ಳಲಿಲ್ಲ. ಆಕೆಯ ಅಭಿನಯದಲ್ಲಿ ಭಾವಾವೇಶ ಅತಿಯಾಯಿತೆಂಬ ಟೀಕೆಯುಂಟು. ಕೆಲವು ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೂ 1974ರ ‘ಎರಡು ಕನಸು’ವಿನಲ್ಲಿ ಪತಿಯ ಒಲವಿಗಾಗಿ ಕಾಯುವ ಗೌರಿಯನ್ನು ನೋಡಿದವರು, ಮೌನವೂ ಈ ನಟಿಗೆ ವಶವಾಗಿತ್ತೆಂಬುದನ್ನು ಅಲ್ಲಗಳೆಯಲಾರರು.

ಕೊನೆಯ ದಿನಗಳಲ್ಲಿ ಉತ್ತರ ಕರ್ನಾಟಕದ ವೃತ್ತಿರಂಗಭೂಮಿಯಲ್ಲಿ ನಟಿಸುತ್ತಿದ್ದ ಕಲ್ಪನಾ, 1979ರ ಮೇ 12ರಂದು ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ಕೊನೆಯುಸಿರೆಳೆದರು. ಆಗಿನ್ನೂ 35 ವರ್ಷ. ಅಂದಿನಿಂದ ಜನ ಆ ಸಾವಿನ ಕಥೆಯನ್ನೇ ಮೆಲುಕು ಹಾಕುತ್ತಿದ್ದಾರೆ. ಕಾವೇರಿಯ ಗತಿಯೇ ಆಕೆಗೂ ಬಂತೆನ್ನುತ್ತಾರೆ. ಈ ಮಾತಿನಲ್ಲಿ ಅನುಕಂಪವಿದೆ, ಅನ್ಯಾಯವೂ ಇದೆ. ಪಾತ್ರ ನಟಿಯನ್ನು ನುಂಗಿತೆಂದರೆ, ಪಾತ್ರವನ್ನು ಕಟ್ಟಿದ ಆಕೆಯ ಬುದ್ಧಿಯನ್ನೂ ದುಡಿಮೆಯನ್ನೂ ಇಲ್ಲವೆಂದಂತೆ.

ನಮ್ಮ ಲೇಖಕಿಯರು ಕಾಗದದ ಮೇಲೆ ಬರೆದ ಹೆಣ್ಣಿನ ಅಂತರಂಗವನ್ನು ಅಕ್ಷರ ತಿಳಿಯದವರ ಬಳಿಗೂ ಒಯ್ದ ಕಲಾವಿದೆ ಕಲ್ಪನಾ. ಆ ಹೆಸರು ಇನ್ನೂ ಉಳಿದಿರುವುದು ಅದರಿಂದ. ಗೋಟೂರಿನ ಆ ರಾತ್ರಿಯನ್ನು ಬದಿಗಿಟ್ಟು ಇಂದಿರೆಯನ್ನು, ಚಂದ್ರಾಳನ್ನು, ಕಾವೇರಿಯನ್ನು ಮತ್ತೊಮ್ಮೆ ನೋಡುವುದೇ ನಾವು ಆಕೆಗೆ ಸಲ್ಲಿಸಬಹುದಾದ ಗೌರವ.