ನಮ್ಮ ಸೀಮೆಯ ದೊಡ್ಡಸ್ವಾಮಿಯವರು: ಅಬ್ಬೆ ದುಬಾಯ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಹಿಂದಿನವರೊಬ್ಬರ ಜೀವನದ ಬಗ್ಗೆ ಬರೆದುಕೊಡು ಎಂದು ನಮ್ಮ ಗುರುಗಳು ಫೋನ್ ಮಾಡಿ ಹೇಳಿದಾಗ, ಮೊದಲು ನೆನಪಾದವರು ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅವರ ಬಗ್ಗೆ ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ನಮ್ಮ ಸೀಮೆಗೆ ಬಹಳ ದೂರದಿಂದ ಬಂದು ಬಾಳಿದ, ಈಗ ನಾವು ಹೆಚ್ಚಾಗಿ ನೆನೆಯದ ಇನ್ನೊಬ್ಬರನ್ನು ಆರಿಸಿಕೊಂಡೆ.

ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಭಾನುವಾರ ನಾವು ಐದು ಜನ ಗೆಳೆಯರು ಸೈಕಲ್ ತುಳಿದುಕೊಂಡು ಶೆಟ್ಟಿಹಳ್ಳಿಗೆ ಹೋಗಿದ್ದೆವು. ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲ ಬಂದರೆ ಮುಳುಗಿ, ಬೇಸಿಗೆಯಲ್ಲಿ ಮೇಲೇಳುವ ಆ ಚಾವಣಿಯಿಲ್ಲದ ಚರ್ಚನ್ನು ನೀವೆಲ್ಲ ನೋಡಿರುತ್ತೀರಿ. ಇಂಥ ಹಳ್ಳಿಯಲ್ಲಿ ಇಷ್ಟು ದೊಡ್ಡ ಚರ್ಚು ಯಾಕೆ ಎಂದು ಅಲ್ಲಿ ದನ ಮೇಯಿಸುತ್ತಿದ್ದ ತಾತನನ್ನು ಕೇಳಿದೆವು. ಫ್ರಾನ್ಸಿನವರು ಕಟ್ಟಿದ್ದು ಕಣ್ರಪ್ಪಾ ಎಂದಷ್ಟೇ ಹೇಳಿ ತಾತ ಎಮ್ಮೆಯ ಹಿಂದೆ ಹೋದರು. ಆ ಪ್ರಶ್ನೆ ನನ್ನಲ್ಲಿ ಹಾಗೇ ಉಳಿದುಬಿಟ್ಟಿತು. ಚರ್ಚು ಎದ್ದದ್ದು 1860ರ ಸುಮಾರಿಗೆ. ಆದರೆ ಹಾಸನ ಸೀಮೆಯಲ್ಲಿ ಬೇಸಾಯ ಮಾಡಿಕೊಂಡಿರುವ ಕ್ರೈಸ್ತ ಒಕ್ಕಲುಗಳ ಕಥೆ ಅದಕ್ಕೂ ಅರ್ಧ ಶತಮಾನ ಹಿಂದೆ ಶುರುವಾಗುತ್ತದೆ. ಆ ಕಥೆಯ ಮೊದಲಲ್ಲಿ ಇರುವವರೇ ಅಬ್ಬೆ ದುಬಾಯ್.

ಅವರ ಪೂರ್ಣ ಹೆಸರು ಜಾನ್ ಆಂತ್ವಾನ್ ದುಬಾಯ್. ಅಬ್ಬೆ ಎಂದರೆ ಫ್ರೆಂಚ್ ಭಾಷೆಯಲ್ಲಿ ಪಾದ್ರಿಗಳಿಗೆ ಕೊಡುವ ಗೌರವದ ಹೆಸರು. 1760ರ ದಶಕದ ನಡುವಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಷ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಊರಿನಲ್ಲಿ ಅವರು ಹುಟ್ಟಿದರು. 1792ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡದ ಪಾದ್ರಿಗಳಿಗೆ ಉಳಿಗಾಲವಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಅವರು ಹಡಗು ಹತ್ತಿದರು. ಮೂರು ತಿಂಗಳೊಳಗೆ, ಸೆಪ್ಟೆಂಬರಿನಲ್ಲಿ, ಪ್ಯಾರಿಸ್ಸಿನ ಸೆರೆಮನೆಗಳಲ್ಲಿದ್ದ ನೂರಾರು ಪಾದ್ರಿಗಳನ್ನು ಗುಂಪುಗಳು ಕೊಂದು ಹಾಕಿದವು. ಊರಿನಲ್ಲೇ ಇದ್ದಿದ್ದರೆ ತನಗೂ ಅದೇ ಗತಿಯಾಗುತ್ತಿತ್ತು ಎಂದು ದುಬಾಯ್ ನಂಬಿದ್ದರು. ಆಗ ಅವರಿಗೆ ಇಪ್ಪತ್ತಾರರ ಆಸುಪಾಸಿನ ವಯಸ್ಸು.

ಪಾಂಡಿಚೇರಿಗೆ ಬಂದಿಳಿದ ತರುಣ ಪಾದ್ರಿ ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಕೆಲಸ ಮಾಡಿದರು. ಪರದೇಶದವನು ಪರದೇಶದವನಂತೆಯೇ ಉಳಿದರೆ ಇಲ್ಲಿಯ ಮನೆಬಾಗಿಲು ತೆರೆಯುವುದಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಯಿತು. ಕೋಟು ಬಿಟ್ಟು ನಿಲುವಂಗಿ ತೊಟ್ಟರು, ತಲೆಗೆ ಪೇಟ ಸುತ್ತಿದರು, ಕೈಯಲ್ಲಿ ಬಿದಿರಿನ ಕೋಲು ಹಿಡಿದರು. ಇಲ್ಲಿಯವರ ಊಟವನ್ನೇ ಉಂಡರು, ಇಲ್ಲಿಯ ಭಾಷೆಗಳನ್ನು ಕಲಿತರು, ಜನರಿಗೆ ಅಸಹ್ಯವಾಗುವ ತಮ್ಮ ದೇಶದ ಅಭ್ಯಾಸಗಳನ್ನು ಬಿಟ್ಟರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅವರ ಚಿತ್ರದಲ್ಲಿ ಇದೇ ವೇಷವನ್ನು ಕಾಣಬಹುದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದರು. ಅದಕ್ಕೂ ಹದಿನೈದು ವರ್ಷ ಮುಂಚೆ ಕರಾವಳಿಯಿಂದ ಸೆರೆ ತಂದಿದ್ದ ಸಾವಿರಾರು ಕ್ರೈಸ್ತರಲ್ಲಿ ಸತ್ತವರು ಸತ್ತು, ಉಳಿದವರು ಚದುರಿಹೋಗಿದ್ದರು. ಅನೇಕರ ಮತವೂ ಬದಲಾಗಿತ್ತು. ಇವರನ್ನು ಮತ್ತೆ ಒಟ್ಟುಗೂಡಿಸಲು ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸ್ಸಿನ ಮೇಲೆ ದುಬಾಯ್ ಮೈಸೂರು ಸಂಸ್ಥಾನಕ್ಕೆ ಬಂದರು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇದೇ ವೆಲ್ಲೆಸ್ಲಿ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ 1800ರಲ್ಲಿ ಅವರು ಕಟ್ಟಿಸಿದ ಚರ್ಚು ಇಂದಿಗೂ ಅವರ ಹೆಸರಿನಲ್ಲೇ ಇದೆ.

ಮನೆ ಮಠ ಕಳೆದುಕೊಂಡವರಿಗೆ ಪ್ರಾರ್ಥನೆಗಿಂತ ಮೊದಲು ಬೇಕಾದದ್ದು ಉಳುವುದಕ್ಕೆ ಭೂಮಿ. ಇದನ್ನು ತಿಳಿದ ದುಬಾಯ್ ಬೇಸಾಯದ ನೆಲೆಗಳನ್ನು ಮಾಡಿದರು. ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಹಾಸನ ಸೀಮೆಯ ಸಾತಳ್ಳಿ. ಅಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಕ್ರೈಸ್ತ ಒಕ್ಕಲುಗಳು ನೆಲೆ ನಿಂತವು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಈ ಹೆಸರನ್ನು ಯಾವ ಸರ್ಕಾರವೂ ಕೊಟ್ಟದ್ದಲ್ಲ, ಹಳ್ಳಿಯ ಬಾಯಲ್ಲಿ ಹುಟ್ಟಿದ್ದು.

ಅವರ ಇನ್ನೊಂದು ಕೆಲಸಕ್ಕೆ ಜಾತಿಮತದ ಗಡಿಯೇ ಇರಲಿಲ್ಲ. ಅದು ಸಿಡುಬಿನ ವಿರುದ್ಧ ಹೋರಾಟ. ಅಮ್ಮ ಆಗಿದ್ದಾಳೆ ಎಂದರೆ ಆ ಕಾಲದಲ್ಲಿ ಊರೇ ನಡುಗುತ್ತಿತ್ತು. ಬದುಕಿದವರಿಗೂ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಇಲ್ಲ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1798ರಲ್ಲಿ ಗೋಸಿಡುಬಿನ ಲಸಿಕೆಯ ವಿಷಯ ಪ್ರಕಟಿಸಿದರು. 1802ರ ಜೂನ್‌ನಲ್ಲಿ ಅದು ಮುಂಬಯಿಗೆ ತಲುಪಿತು. ಆಗ ಫ್ರಿಜ್ ಇಲ್ಲ, ಸೀಸೆಯಲ್ಲಿಟ್ಟರೆ ಲಸಿಕೆ ಕೆಟ್ಟುಹೋಗುತ್ತಿತ್ತು. ಒಂದು ಮಗುವಿನ ತೋಳಿಗೆ ಹಾಕಿ, ಎಂಟು ದಿನಕ್ಕೆ ಅಲ್ಲಿ ಏಳುವ ಗುಳ್ಳೆಯ ನೀರನ್ನು ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕಿತ್ತು. ಸರಪಳಿ ಎಲ್ಲಿಯೂ ಕಡಿಯಬಾರದು. ಒಬ್ಬರ ಮೈಯಿಂದ ತೆಗೆದದ್ದನ್ನು ಇನ್ನೊಬ್ಬರ ಮೈಗೆ ಹಾಕುವುದೆಂದರೆ ನಮ್ಮ ಜನ ಎಷ್ಟು ಹಿಂಜರಿದಿರಬಹುದು ಯೋಚಿಸಿ. ಆದರೂ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸುತ್ತಿದ್ದ ಆ ದಿನಗಳಲ್ಲಿ, 1803 ಮತ್ತು 1804ರಲ್ಲಿ, ದುಬಾಯ್ ಅವರ ಉಸ್ತುವಾರಿಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಲಸಿಕೆ ಹಾಕಿಸಿಕೊಂಡರು. ಹತ್ತು ವರ್ಷ ಜನರ ನಡುವೆ ಬದುಕಿ ಗಳಿಸಿದ ನಂಬಿಕೆ ಇಲ್ಲಿ ಕೆಲಸಕ್ಕೆ ಬಂತು.

ದುಬಾಯ್ ಜಗತ್ತಿಗೆಲ್ಲ ಪರಿಚಿತರಾದದ್ದು ಒಂದು ಪುಸ್ತಕದಿಂದ. ಹಿಂದೂಗಳ ಆಚಾರ, ವಿಚಾರ, ಹಬ್ಬ, ಮದುವೆ, ಜಾತಿ ಕಟ್ಟುಪಾಡುಗಳನ್ನು ವಿವರಿಸುವ ದೊಡ್ಡ ಹಸ್ತಪ್ರತಿಯನ್ನು ಅವರು ಫ್ರೆಂಚ್ ಭಾಷೆಯಲ್ಲಿ ಸಿದ್ಧಪಡಿಸಿದರು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದರು. 1807ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 2,000 ಪಗೋಡಗಳಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಮುಂದೆ ಭಾರತಕ್ಕೆ ಬರುವ ಅಧಿಕಾರಿಗಳೆಲ್ಲ ಓದುವ ಪುಸ್ತಕವಾಯಿತು.

ಈ ಪುಸ್ತಕದ ಬಗ್ಗೆ ಎರಡು ಮಾತನ್ನು ಮುಚ್ಚಿಡಬಾರದು. ಮೊದಲನೆಯದು, ಅದರಲ್ಲಿ ನಮ್ಮ ಜನರ ಬಗ್ಗೆ ಕಟುವಾದ, ಅನ್ಯಾಯದ ಮಾತುಗಳು ಬಹಳ ಇವೆ. ಜಾತಿ ವ್ಯವಸ್ಥೆಯನ್ನು ಅವರು ಹೊಗಳಿದ್ದನ್ನು ಇಂದು ಒಪ್ಪಲು ಆಗುವುದಿಲ್ಲ. ಎರಡನೆಯದು, ಪುಸ್ತಕದ ಬಹುಭಾಗ ಅವರದ್ದೇ ಅಲ್ಲ. ಅವರಿಗಿಂತ ಹಿಂದೆ ಪಾಂಡಿಚೇರಿಯಲ್ಲಿದ್ದ ಕೆರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹವನ್ನು ಅವರು ಹೆಸರು ಹೇಳದೆ ಬಳಸಿಕೊಂಡಿದ್ದರು. ಅದೇ ಬರಹದ 1777ರ ಒಂದು ಪ್ರತಿ ಲಂಡನ್ನಿನಲ್ಲಿ ಸಿಕ್ಕಿ, ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ಇದನ್ನು ಸಾಧಾರವಾಗಿ ತೋರಿಸಿದರು. ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಇನ್ನೊಬ್ಬರು ಬರೆದ ಸಾಲುಗಳನ್ನು ದಿನವೂ ಬಳಸುತ್ತೇವೆ. ಬಳಸುವುದು ತಪ್ಪಲ್ಲ, ಬರೆದವರ ಹೆಸರನ್ನು ಅಳಿಸುವುದು ತಪ್ಪು. ಇನ್ನೂರು ವರ್ಷ ಆದರೂ ಅದು ಹೊರಬೀಳುತ್ತದೆ.

ಮೂವತ್ತು ವರ್ಷ ದುಡಿದ ಮೇಲೆ ದುಬಾಯ್ ತಮ್ಮ ಲೆಕ್ಕವನ್ನು ತಾವೇ ಹಾಕಿದರು. ಹಿಂದೂಗಳನ್ನು ಮತಾಂತರ ಮಾಡುವುದು ಮನುಷ್ಯ ಪ್ರಯತ್ನದಿಂದ ಸಾಧ್ಯವೇ ಇಲ್ಲ, ತಾವು ಬಂದ ಕೆಲಸ ಕೈಗೂಡಲಿಲ್ಲ ಎಂಬುದು ಅವರ ತೀರ್ಮಾನ. 1823ರಲ್ಲಿ ಪತ್ರಗಳ ರೂಪದ ಪುಸ್ತಕವಾಗಿ ಅದನ್ನು ಪ್ರಕಟಿಸಿಯೂ ಬಿಟ್ಟರು. ಇತರ ಮಿಷನರಿಗಳು ಸಿಟ್ಟಾಗಿ ಉತ್ತರ ಬರೆದರು. ತನ್ನ ಜೀವಮಾನದ ಗುರಿ ಸೋತಿತು ಎಂದು ಎಲ್ಲರೆದುರು ಹೇಳಲು ಎಷ್ಟು ಜನರಿಗೆ ಧೈರ್ಯವಿರುತ್ತದೆ?

ಅದೇ ವರ್ಷದ ಜನವರಿ 15ರಂದು ಅವರು ಭಾರತ ಬಿಟ್ಟರು. ಕಂಪನಿ ಅವರಿಗೆ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆ ಸೇರಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರಾಗಿದ್ದರು. 1826ರಲ್ಲಿ ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದರು. ಮತ್ತೆ ಈ ಕಡೆ ಬರಲಿಲ್ಲ. 1848ರ ಫೆಬ್ರವರಿ 17ರಂದು ತೀರಿಕೊಂಡರು. ಅದಾಗಿ ಐದೇ ದಿನಕ್ಕೆ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಎದ್ದಿತು. ಒಂದು ಕ್ರಾಂತಿಯ ಹೊತ್ತಿಗೆ ಊರು ಬಿಟ್ಟವರು ಇನ್ನೊಂದರ ಹೊಸ್ತಿಲಲ್ಲಿ ಲೋಕ ಬಿಟ್ಟರು.

ನಾನು ಕಂಪನಿ ಕೆಲಸದ ಮೇಲೆ ಒಂದೂವರೆ ವರ್ಷ ಪರದೇಶದಲ್ಲಿದ್ದೆ. ವಾರಕ್ಕೊಮ್ಮೆ ಅಮ್ಮನ ಮುಖ ವಿಡಿಯೋದಲ್ಲಿ ಕಾಣುತ್ತಿದ್ದರೂ ಮುದ್ದೆ ಸೊಪ್ಪಿನ ಸಾರು ನೆನೆದು ಕಣ್ಣಲ್ಲಿ ನೀರು ಬರುತ್ತಿತ್ತು. ಆಫೀಸು, ರೂಮು ಬಿಟ್ಟರೆ ಪಕ್ಕದ ಮನೆಯವರ ಹೆಸರೂ ತಿಳಿಯದೆ ವಾಪಸು ಬಂದೆ. ಆಮೇಲೆ ದುಬಾಯ್ ಅವರ ಬಗ್ಗೆ ಓದುವಾಗ ನಾಚಿಕೆಯಾಯಿತು. ಪತ್ರ ಹೋಗಿ ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ ಆ ಮನುಷ್ಯ ಇಲ್ಲಿ ಮೂವತ್ತು ವರ್ಷ ನೆರೆಹೊರೆಯವರಾಗಿ ಬಾಳಿದ್ದರು.

ಈ ಶಾಲೆಯಿಂದ ಹೊರಡುವ ತಮ್ಮ ತಂಗಿಯರು ನಾಳೆ ಬೆಂಗಳೂರಿಗೋ ಅದರಾಚೆಗೋ ಹೋಗುತ್ತೀರಿ. ಹೋದ ಉದ್ದೇಶ ಕೈಗೂಡಬಹುದು, ಕೈಗೂಡದೆಯೂ ಇರಬಹುದು. ದುಬಾಯ್ ಅವರು ಬಂದ ಉದ್ದೇಶ ಕೈಗೂಡಲಿಲ್ಲ. ಆದರೆ ಅವರು ನೆಲೆ ಮಾಡಿಕೊಟ್ಟ ಊರುಗಳಲ್ಲಿ ಇಂದಿಗೂ ಬೇಸಾಯ ನಡೆಯುತ್ತಿದೆ. ಅಂದು ಲಸಿಕೆ ಹಾಕಿಸಿಕೊಂಡು ಉಳಿದ ಮಕ್ಕಳ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರು. ಯಾರಿಗೆ ಗೊತ್ತು, ಈ ಸಂಚಿಕೆ ಓದುತ್ತಿರುವ ನೀವೂ ಅವರಲ್ಲಿ ಒಬ್ಬರಿರಬಹುದು.

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)