ಬನವಾಸಿಯನ್ನು ನೆನೆದ ಕವಿ ಪಂಪ

ಕನ್ನಡದ ಆದಿಕವಿಯೆಂದು ಮಾನ್ಯನಾದ ಪಂಪನು ಕ್ರಿ. ಶ. 902ರಲ್ಲಿ ಜನಿಸಿದನು. ಆತನ ಹಿರಿಯರು ವೆಂಗಿನಾಡಿನವರು. ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ. ತಾಯಿಯ ತವರು ಇಂದಿನ ಧಾರವಾಡ ಜಿಲ್ಲೆಯ ಅಣ್ಣಿಗೇರಿ. ವೈದಿಕ ಮನೆತನದ ಭೀಮಪಯ್ಯನು ಜಿನಧರ್ಮವನ್ನು ಸ್ವೀಕರಿಸಿದುದರಿಂದ ಎರಡು ಪರಂಪರೆಗಳ ಸಂಸ್ಕಾರವೂ ಮಗನಿಗೆ ದೊರೆಯಿತು.

ಪಂಪನು ವೇಮುಲವಾಡದ ಚಾಲುಕ್ಯ ದೊರೆ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿ ಕವಿಯೂ ಕಲಿಯೂ ಆಗಿ ಬಾಳಿದನು. ಆ ಊರು ಇಂದು ತೆಲಂಗಾಣಕ್ಕೆ ಸೇರಿದೆ. 941ರಲ್ಲಿ ‘ಆದಿಪುರಾಣ’ವನ್ನೂ ಅದರ ಬೆನ್ನಿಗೇ ‘ವಿಕ್ರಮಾರ್ಜುನ ವಿಜಯ’ವನ್ನೂ ರಚಿಸಿದನು. ತನ್ನ ದೊರೆಯನ್ನೇ ಅರ್ಜುನನಲ್ಲಿ ಕಂಡು ಹಾಡಿದ ಕವಿಗೆ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನಿತ್ತು ಗೌರವಿಸಿದನು.

ಈ ಕಾವ್ಯದಲ್ಲಿ ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಗೆ ಬರುತ್ತಾನೆ. ವರದಾ ನದಿಯ ದಡದ ಆ ನಾಡಿನ ಮಾವು, ಮಲ್ಲಿಗೆ, ಕೋಗಿಲೆ, ದುಂಬಿಗಳು ಕವಿಯ ಮನಸ್ಸನ್ನು ಸೂರೆಗೊಂಡಿವೆ. ಹಲವು ನೂರು ಮೈಲಿ ದೂರದ ಆಸ್ಥಾನದಲ್ಲಿದ್ದುಕೊಂಡು, ತೆಂಕಣ ಗಾಳಿ ಸೋಕಿದರೂ ಸಾಕು, ಆ ನಾಡನ್ನೇ ನೆನೆಯುವೆನೆಂಬ ಭಾವವನ್ನು ಆತನು ಅಲ್ಲಿ ತುಂಬಿದ್ದಾನೆ. ಆದರೆ ಕವಿ ಮೆಚ್ಚಿದುದು ತೋಪು ತೋಟಗಳನ್ನಷ್ಟೇ ಅಲ್ಲ. ದಾನ, ವಿದ್ಯೆ, ಸಂಗೀತಗಳನ್ನು ಬಲ್ಲ ಅಲ್ಲಿಯ ಜನರನ್ನೂ ಮೆಚ್ಚಿದನು.

ವಿದ್ಯಾರ್ಥಿಗಳೇ, ಕವಿ ಕಂಡ ನಾಡಿನಲ್ಲಿ ಬರಗಾಲವಿಲ್ಲ, ಸಾಲವಿಲ್ಲ. ನಮ್ಮಲ್ಲಿ ಅನೇಕರ ಹಿರಿಯರು ಹೊಲ ಬಿಟ್ಟು ಮಹಾಪೆಯ ಕಾರ್ಖಾನೆಗಳ ನೆರೆಗೆ ಬಂದುದು ಅವೆರಡರ ದೆಸೆಯಿಂದಲೇ. ಹಾಗಾದರೆ ಪಂಪನು ಕಂಡುದು ಬರಿಯ ಕನಸೇ?

ಇದಕ್ಕೆ ಉತ್ತರವು ಆತನ ತಮ್ಮ ಜಿನವಲ್ಲಭನಲ್ಲಿದೆ. ತೆಲಂಗಾಣದ ಕುರಿಕ್ಯಾಲದ ಬಳಿಯ ಬಂಡೆಯ ಮೇಲೆ ಅವನು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಯಿಸಿದನು. ಅಲ್ಲಿ ಬಸದಿಯನ್ನು ಕಟ್ಟಿಸಿ, ಉದ್ಯಾನವನ್ನು ಬೆಳೆಸಿ, ಕೆರೆಯನ್ನು ತೋಡಿಸಿದನು. ಆ ಕೆರೆಗೆ ಅಣ್ಣನ ಬಿರುದನ್ನೇ ಇಟ್ಟು ‘ಕವಿತಾಗುಣಾರ್ಣವ’ವೆಂದು ಕರೆದನು. ಅಣ್ಣನು ಹಸುರನ್ನು ಹಾಡಿದನು. ತಮ್ಮನು ಹಸುರಿಗೆ ಬೇಕಾದ ನೀರನ್ನು ನಿಲ್ಲಿಸಿದನು. ಒಂದೇ ಮನೆಯಲ್ಲಿ ಕನಸೂ ದುಡಿಮೆಯೂ ಕೂಡಿದ್ದವು.

ಪಾರಸಿಕ ಬೆಟ್ಟದ ಬುಡದಲ್ಲಿ ಕುಳಿತು ನಾವು ಪಂಪನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಿದ್ದೇವೆ. ಪರನಾಡಿನಲ್ಲಿದ್ದುಕೊಂಡೇ ಆತನು ಕನ್ನಡ ಕಾವ್ಯವನ್ನು ಕಟ್ಟಿದನೆಂಬುದು ನಮಗೆ ಧೈರ್ಯವನ್ನು ಕೊಡಲಿ. ಬೇಸಗೆಯ ರಜೆಗೆ ಊರಿಗೆ ಹೋದಾಗ ಅಜ್ಜಿಯ ಹಾಡನ್ನು ಕೇಳಿ ಬನ್ನಿರಿ. ಊರ ಕೆರೆಯಲ್ಲಿ ನೀರಿದೆಯೇ ಎಂಬುದನ್ನೂ ನೋಡಿ ಬನ್ನಿರಿ.