ಕಿತ್ತೂರಿನ ಸೆರೆಯಾಳು, ವಿಶಾಖಪಟ್ಟಣದ ತಿಮಿಂಗಿಲ

ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಒಂದು ವರ್ಷ ಕಿತ್ತೂರು ಚೆನ್ನಮ್ಮ ನಾಟಕ ಆಡಿದೆವು. ಥ್ಯಾಕರೆ ಪಾತ್ರ ಎತ್ತರದ ಹುಡುಗನಿಗೆ ಹೋಯಿತು. ನನಗೆ ಸಿಕ್ಕಿದ್ದು ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಯ ಪಾತ್ರ. ಮಾತಿಲ್ಲ, ಕೈ ಕಟ್ಟಿಸಿಕೊಂಡು ತಲೆ ತಗ್ಗಿಸಿ ನಿಲ್ಲುವುದಷ್ಟೇ. ಆ ಅಧಿಕಾರಿ ಯಾರು, ಮುಂದೆ ಏನಾದ ಎಂದು ಮೇಷ್ಟ್ರನ್ನು ಕೇಳಬೇಕು ಅಂತಲೂ ಆಗ ಅನ್ನಿಸಲಿಲ್ಲ.

ಬಿ.ಇ. ಮುಗಿಸಿ ಬೆಂಗಳೂರು ಸೇರಿ ಎಷ್ಟೋ ವರ್ಷಗಳಾದ ಮೇಲೆ, ತಿಮಿಂಗಿಲದ ವಾಂತಿ ಮಾರಲು ಹೊರಟವರನ್ನು ಪೊಲೀಸರು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಅದು ನಿಜವಾಗಿ ವಾಂತಿಯಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಗಟ್ಟಿಯಾಗುವ ಅಂಬರ್‌ಗ್ರಿಸ್ ಎಂಬ ವಸ್ತು. ಕುತೂಹಲಕ್ಕೆ ಆ ತಿಮಿಂಗಿಲದ ಬಗ್ಗೆ ಓದುತ್ತಾ ಹೋದೆ. ಅದರ ಒಂದು ಪುಟ್ಟ ಬಂಧು ವಿಜ್ಞಾನಕ್ಕೆ ಪರಿಚಯವಾದದ್ದು ನಮ್ಮ ದೇಶದ ಕರಾವಳಿಯಿಂದ, ವಾಲ್ಟರ್ ಎಲಿಯಟ್ ಎಂಬ ಅಧಿಕಾರಿಯ ಮೂಲಕ ಎಂದು ತಿಳಿಯಿತು. ಇನ್ನೂ ಹುಡುಕಿದಾಗ ಗೊತ್ತಾಯಿತು: ನಾನು ವೇದಿಕೆಯ ಮೂಲೆಯಲ್ಲಿ ನಿಂತು ಮಾಡಿದ ಪಾತ್ರ ಇವನದೇ! (ನಾಟಕದ ಅಭ್ಯಾಸದಿಂದ ಏಕವಚನ ಬರುತ್ತಿದೆ, ಹಿರಿಯರು ಮನ್ನಿಸಬೇಕು.)

ಎಲಿಯಟ್ ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಹದಿನೆಂಟನೇ ವಯಸ್ಸಿಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿ ಮದರಾಸಿಗೆ ಬಂದ. ಅಲ್ಲಿಂದ ಧಾರವಾಡದ ಕಡೆಗೆ, ಥ್ಯಾಕರೆಯ ಸಹಾಯಕನಾಗಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತ ಕಥೆ ನಮಗೆಲ್ಲ ಬಾಯಿಪಾಠ. ಅಂದು ಸೆರೆಸಿಕ್ಕ ಇಬ್ಬರು ಸಹಾಯಕರಲ್ಲಿ ಒಬ್ಬ ಸ್ಟೀವನ್‌ಸನ್, ಇನ್ನೊಬ್ಬ ಇಪ್ಪತ್ತೊಂದರ ಹರೆಯದ ಎಲಿಯಟ್. ಸುಮಾರು ಆರು ವಾರ ಕೋಟೆಯೊಳಗೆ ಇಟ್ಟುಕೊಂಡು ರಾಣಿ ಅವರನ್ನು ಜೀವಸಹಿತ ಬಿಟ್ಟಳು. ಕೈದಿಗಳನ್ನು ಬಿಟ್ಟರೆ ಯುದ್ಧ ನಿಲ್ಲುತ್ತದೆ ಎಂಬ ನಂಬಿಕೆ ಅವಳದು. ಕಂಪನಿ ನಿಲ್ಲಿಸಲಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು, 1829ರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ಅವಳು ಉಳಿಸಿದ ಜೀವ ಮಾತ್ರ ಮುಂದೆ ಅರವತ್ತೆರಡು ವರ್ಷ ಬಾಳಿತು. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಒಂದು ಥರಾ ಆಗುತ್ತದೆ.

ಬಿಡುಗಡೆಯಾದವನು ಹೆದರಿ ಊರಿಗೆ ಓಡಲಿಲ್ಲ. 1833ರವರೆಗೂ ಅದೇ ಸೀಮೆಯಲ್ಲಿ ಕೆಲಸ ಮಾಡಿದ. ಹಳಗನ್ನಡ ಶಾಸನಗಳ ಹುಚ್ಚು ಹಿಡಿಯಿತು. ಗುಡಿ, ಕೆರೆ ಏರಿ, ಹಾಳು ಮಂಟಪ ಎಲ್ಲ ಕಡೆಯ ಕಲ್ಲುಗಳ ಪ್ರತಿ ಮಾಡಿಸಿದ. ಒಟ್ಟು 595 ಶಾಸನ. ಚಾಲುಕ್ಯರ ಇತಿಹಾಸ ಬರೆದ ಮೊದಲಿಗರಿಗೆ ಈ ಸಂಗ್ರಹವೇ ಆಧಾರವಾಯಿತು. ಜೊತೆಗೆ ಪ್ರಾಣಿಗಳ ಹುಚ್ಚು. ಧಾರವಾಡದ ಸುತ್ತಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ. ಅದರಲ್ಲಿ ಜನ ಕರೆಯುವ ಹೆಸರುಗಳನ್ನೂ ಕೇಳಿ ಸೇರಿಸಿದ್ದಾನೆ. ಹೊಲದ ಒಂದು ಇಲಿಗೆ ನಮ್ಮವರು ಗುಲಂದಿ ಎನ್ನುತ್ತಿದ್ದರು. ಇಂದಿಗೂ ಅದರ ವೈಜ್ಞಾನಿಕ ಹೆಸರು ಗೋಲುಂಡ ಎಲಿಯೋಟಿ: ಅರ್ಧ ಕನ್ನಡ ರೈತನದು, ಅರ್ಧ ಇವನದು.

1845ರಿಂದ 1854ರವರೆಗೆ ಆಂಧ್ರದ ಕರಾವಳಿ ಜಿಲ್ಲೆಗಳ ಕಮಿಷನರ್. ಅಲ್ಲಿ ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿದ. ಅದರ ಕೆತ್ತನೆಯ ಕಲ್ಲುಗಳು ಮದರಾಸಿಗೆ ಹೋಗಿ, ಆಮೇಲೆ ಹಡಗು ಹತ್ತಿ ಲಂಡನ್ ಸೇರಿದವು, ಇಂದಿಗೂ ಅಲ್ಲಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅದನ್ನು ಸರಿ ಎಂದು ಹೇಳಲು ನನ್ನಿಂದಾಗದು.

ಇನ್ನು ತಿಮಿಂಗಿಲದ ವಿಷಯ. ಮೈದಾಳ ಕೆರೆಯನ್ನೇ ದೊಡ್ಡ ನೀರು ಅಂದುಕೊಂಡು ಬೆಳೆದ ನಮಗೆ ತಿಮಿಂಗಿಲ ಎಂದರೆ ಹಡಗನ್ನೇ ನುಂಗುವ ಗಾತ್ರ. ವಿಶಾಖಪಟ್ಟಣದ ಬೆಸ್ತರು ಎಲಿಯಟ್‌ಗೆ ತೋರಿಸಿದ್ದು ಮೂರು ಮೀಟರನ್ನೂ ಮುಟ್ಟದ ತಿಮಿಂಗಿಲ. ಆ ಕಾಲಕ್ಕೆ ಅಮೆರಿಕದ ಹಡಗುಗಳು ದೀಪದ ಎಣ್ಣೆಗಾಗಿ ಸ್ಪರ್ಮ್ ತಿಮಿಂಗಿಲಗಳನ್ನು ಸಾಗರವೆಲ್ಲ ಅಟ್ಟಾಡಿಸಿ ಕೊಲ್ಲುತ್ತಿದ್ದವು. ಎಣ್ಣೆಗೆ ಬಾರದ ಇಷ್ಟು ಸಣ್ಣದನ್ನು ಕೇಳುವವರಿರಲಿಲ್ಲ. ಎಲಿಯಟ್ ಅದರ ಚಿತ್ರ ಬರೆಸಿದ, ತಲೆಬುರುಡೆ ತೆಗೆದಿರಿಸಿದ. ಹೀಗೆ ಆ ದಡದಲ್ಲಿ ಕೂಡಿಟ್ಟದ್ದನ್ನೆಲ್ಲ ಲಂಡನ್ನಿನ ರಿಚರ್ಡ್ ಓವನ್ ಪರಿಶೀಲಿಸಿ 1866ರಲ್ಲಿ ಪ್ರಬಂಧ ಪ್ರಕಟಿಸಿದ. ಈ ಪುಟ್ಟ ತಿಮಿಂಗಿಲಕ್ಕೆ ಮೊಂಡು ಮೂಗಿನದು ಎಂಬರ್ಥದ ಹೆಸರು ಬಂತು. ಈಗ ಅದು ಕೋಗಿಯಾ ಸೈಮಾ, ಕುಬ್ಜ ಸ್ಪರ್ಮ್ ತಿಮಿಂಗಿಲ. ಶತ್ರು ಹತ್ತಿರ ಬಂದರೆ ಕೆಂಗಂದು ದ್ರವ ಚಿಮ್ಮಿಸಿ ನೀರನ್ನು ಕದಡಿ, ಆ ಮಬ್ಬಿನಲ್ಲಿ ತಪ್ಪಿಸಿಕೊಳ್ಳುತ್ತದೆ. ಅದೇ ಪ್ರಬಂಧದಲ್ಲಿದ್ದ ಒಂದು ಡಾಲ್ಫಿನ್ನಿಗೆ ಓವನ್ ಕೊಟ್ಟ ಹೆಸರು ಗದಮು, ತೆಲುಗು ಬೆಸ್ತರ ಬಾಯಿಂದ ಬಂದದ್ದು. ಅವರ ಮಾತು ಉಳಿಯಿತು, ಅವರ ಹೆಸರುಗಳು ಉಳಿಯಲಿಲ್ಲ.

ಆಮೇಲೆ ನೂರು ವರ್ಷ ವಿದ್ವಾಂಸರು ಈ ಕುಬ್ಜ ತಿಮಿಂಗಿಲವನ್ನು ಅದರ ಅಕ್ಕನಂಥ ಇನ್ನೊಂದು ಜಾತಿಯ ಜೊತೆ ಬೆರೆಸಿ, ಎರಡೂ ಒಂದೇ ಎಂದರು. 1966ರಲ್ಲಿ ಹ್ಯಾಂಡ್ಲಿ ಎಂಬ ಅಮೆರಿಕದ ವಿಜ್ಞಾನಿ ಬುರುಡೆಗಳನ್ನು ಹೋಲಿಸಿ ಎರಡೂ ಬೇರೆ ಎಂದು ತೋರಿಸಿದ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಎರಡು ದಾಖಲೆಗೆ ಒಂದೇ ಗುರುತಿನ ಸಂಖ್ಯೆ ಬಿದ್ದರೆ ಒಂದು ಕಾಣೆಯಾದರೂ ಗೊತ್ತಾಗುವುದಿಲ್ಲ. ಅಷ್ಟು ವರ್ಷ ಸಮುದ್ರದಲ್ಲೂ ಅದೇ ಆಗಿತ್ತು. ಬೇರೆ ಎಂದು ಗುರುತಿಸದ ಜೀವವನ್ನು ಎಣಿಸುವುದು ಹೇಗೆ, ಉಳಿಸುವುದು ಹೇಗೆ?

ವಿಶಾಖಪಟ್ಟಣದ ಬಂದರಿನಲ್ಲಿ 1852ರಲ್ಲಿ ಸಿಕ್ಕ ಮತ್ತೊಂದು ಬುರುಡೆ ಇರಾವಡಿ ಡಾಲ್ಫಿನ್ನಿನದು. ಬರ್ಮಾದ ನದಿಯ ಹೆಸರು ಹೊತ್ತಿದ್ದರೂ ಅದನ್ನು ಮೊದಲು ವರ್ಣಿಸಿದ್ದು ಈ ಬುರುಡೆಯಿಂದಲೇ. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಒಡಿಶಾದ ಚಿಲಿಕಾ ಸರೋವರದಲ್ಲಿ ಸುಮಾರು 150 ಉಳಿದಿವೆ. ದೋಣಿಯ ಯಂತ್ರ, ಬೆಸ್ತರ ಬಲೆ ಎರಡೂ ಅದಕ್ಕೆ ಕಂಟಕ. 1986ರಿಂದ ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಡೆ ಇದೆ, ನಮ್ಮ ವನ್ಯಜೀವಿ ಕಾಯ್ದೆಯೂ ಇದೆ. ಆದರೆ ಮೀನಿಗೆ ಹಾಕಿದ ಬಲೆಗೆ ಸಿಕ್ಕಿ ಉಸಿರುಗಟ್ಟುವ ಡಾಲ್ಫಿನ್ನನ್ನು ಬೇಟೆಯ ಕಾನೂನು ಹೇಗೆ ಕಾಪಾಡೀತು? ಹೊಟ್ಟೆಪಾಡಿನ ಬೆಸ್ತನನ್ನು ಬೈದು ಪ್ರಯೋಜನವಿಲ್ಲ. ಎಲಿಯಟ್‌ಗೆ ಸಮುದ್ರ ತೋರಿಸಿದವರು ಅವರೇ, ಇಂದಿನ ಸಂಶೋಧಕರೂ ಮೊದಲು ಅವರನ್ನೇ ಕೇಳಬೇಕು.

1860ರಲ್ಲಿ ನಿವೃತ್ತನಾಗಿ ಎಲಿಯಟ್ ಸ್ಕಾಟ್ಲೆಂಡಿಗೆ ಮರಳಿದ. ಸರ್ ಪದವಿ ಬಂತು, 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂತು. ಕೊನೆಗಾಲಕ್ಕೆ ಕಣ್ಣು ಪೂರ್ತಿ ಹೋಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಮುಗಿಸಿದ. 1887ರ ಮಾರ್ಚ್ 1ರಂದು ಬೆಳಗ್ಗೆ ತಮಿಳು ವಿದ್ವಾಂಸ ಪೋಪ್ ಅವರಿಗೊಂದು ಕಾಗದ ಹೇಳಿ ಬರೆಸಿ, ತಡಕಾಡಿ ತಾನೇ ಸಹಿ ಹಾಕಿದ. ಅಂದೇ ತೀರಿಕೊಂಡ.